ಐದು ಹುಡುಗಿಯರು, ಒಬ್ಬಳು ಅಕ್ಕ: ಊರಲ್ಲೇ ಒಂದು ಬಳಗ ಕಟ್ಟುವುದು ಹೇಗೆ?

ಮನೆಯಲ್ಲಿ ತುಳುವಿನಲ್ಲಿ ಪಟಪಟ ಮಾತಾಡುವ ಹುಡುಗಿ ಕ್ಲಾಸಿನಲ್ಲಿ ಎದ್ದು ನಿಂತರೆ ನೆಲ ನೋಡುತ್ತಾಳೆ. 'ಅವಳಿಗೆ ನಾಚಿಕೆ ಜಾಸ್ತಿ' ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ತಪ್ಪು ಮಾತಾಡಿದರೂ ಯಾರೂ ನಗದ ಜಾಗ ಅವಳಿಗೆ ಸಿಕ್ಕಿಲ್ಲ, ಅಷ್ಟೇ. ಅಂಥ ಜಾಗ ನೀವೇ ಮಾಡಬಹುದು. ದೊಡ್ಡವರೊಬ್ಬರು ಚಿಕ್ಕವರ ಜೊತೆಗಿದ್ದು ದಾರಿ ತೋರುವ ಇದಕ್ಕೆ ಮೆಂಟರಿಂಗ್ ಅಂತ ಹೆಸರಿಟ್ಟರೂ ಸರಿ, ಇಡದಿದ್ದರೂ ಸರಿ.

ಶುರು ಮಾಡುವ ಮೊದಲು, ಒಂದು ವರ್ಷ ಬಿಡದೆ ಬರಲು ಆಗುತ್ತದಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಮಕ್ಕಳಿಗೆ ಅಣ್ಣ ಅಕ್ಕನಂತೆ ಜೊತೆಗಿರಲು ಸ್ವಯಂಸೇವಕರನ್ನು ಕೊಡುವ ಅಮೆರಿಕದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ ಮಕ್ಕಳ ಬಗ್ಗೆ 2002ರಲ್ಲಿ ಒಂದು ಅಧ್ಯಯನ ಬಂತು. ವರ್ಷಕ್ಕಿಂತ ಜಾಸ್ತಿ ಜೊತೆಗಿದ್ದವರಿಂದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೇ ನಿಂತುಹೋದ ಕಡೆ ಮಕ್ಕಳಿಗೆ ತಮ್ಮ ಮೇಲೆ ಇದ್ದ ನಂಬಿಕೆಯೂ ಕುಗ್ಗಿತ್ತು. ಆಗದಿದ್ದರೆ ಶುರು ಮಾಡಬೇಡಿ.

ಐದಾರು ಹುಡುಗಿಯರು ಸಾಕು, ಎಂಟು ಒಂಬತ್ತನೇ ಕ್ಲಾಸಿನವರು. ಹದಿನೈದು ದಿನಕ್ಕೊಮ್ಮೆ ಒಂದೂವರೆ ಗಂಟೆ. ಜಾಗ ನಡೆದು ಬರುವಷ್ಟು ಹತ್ತಿರ ಇರಲಿ, ಯಾಕಂದ್ರೆ ನಮ್ಮ ಉಡುಪಿ, ಮಂಗಳೂರು ಕಡೆ ಹೆಚ್ಚಿನವು ಖಾಸಗಿ ಬಸ್ಸುಗಳು, 'ಶಕ್ತಿ' ಯೋಜನೆಯ ಉಚಿತ ಟಿಕೆಟ್ ಅಲ್ಲಿ ನಡೆಯುವುದಿಲ್ಲ. ಪಂಚಾಯತ್ ಲೈಬ್ರರಿ, ಭಜನಾ ಮಂದಿರದ ಜಗಲಿ, ಎಲ್ಲಾದರೂ ಆಗುತ್ತದೆ. ಬಾಗಿಲು ತೆರೆದಿರಬೇಕು, ಇನ್ನೊಬ್ಬ ಹೆಂಗಸು ಜೊತೆಗಿರಬೇಕು, ಮನೆಯವರು ಬರವಣಿಗೆಯಲ್ಲಿ ಒಪ್ಪಿರಬೇಕು. ಮಕ್ಕಳ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಯಾರಾದರೂ ತೊಂದರೆ ಹೇಳಿಕೊಂಡರೆ 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ. ಮಕ್ಕಳ ಸಹಾಯವಾಣಿ 1098 ಇದೆ.

ನಾನು ಮೊದಲ ಸಲ ಮಾಡಿದ ತಪ್ಪು ಹೇಳುತ್ತೇನೆ. ಮೂರು ಸಲ ನಾನೇ ಭಾಷಣ ಮಾಡಿದೆ. ಧೈರ್ಯ, ಗುರಿ, ಸಾಧನೆ ಅಂತೆಲ್ಲ. ನಾಲ್ಕನೇ ಸಲ ಇಬ್ಬರು ಮಾತ್ರ ಬಂದರು, ಅವರೂ ಚರುಮುರಿ ಆಸೆಗೆ. ಆಮೇಲೆ ನಾನು ಬಾಯಿ ಮುಚ್ಚಿದೆ, ತಾಳಮದ್ದಳೆ ಶುರುವಾಯಿತು.

ನಮ್ಮ ಕಡೆ ಮಕ್ಕಳಿಗೆ ತಾಳಮದ್ದಳೆ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ ಅಲ್ವಾ? ಯಕ್ಷಗಾನದ್ದೇ ಒಂದು ರೂಪ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕೂತು ಅರ್ಥ ಹೇಳುವುದು, ಅಂದರೆ ಪಾತ್ರವಾಗಿ ಆ ಕ್ಷಣಕ್ಕೆ ಹೊಳೆದ ಮಾತಾಡುವುದು. ಒಬ್ಬಳು ಅಮ್ಮ, ಒಬ್ಬಳು ಮಗಳು, ಪ್ರಸಂಗ 'ಶಾಲೆಯ ಪ್ರವಾಸಕ್ಕೆ ಕಳಿಸಬೇಕಾ ಬೇಡವಾ'. ಹತ್ತು ನಿಮಿಷ ಆದ ಮೇಲೆ ಪಾತ್ರ ಬದಲು. ಬಾಯಿಬಿಟ್ಟರೆ 'ಎಂಕ್ ಗೊತ್ತುಜ್ಜಿ' (ನನಗೆ ಗೊತ್ತಿಲ್ಲ) ಅನ್ನುತ್ತಿದ್ದ ಹುಡುಗಿ ಅಮ್ಮನಾಗಿ ಕೂತ ಕೂಡಲೇ, ಬಸ್ಸಿನ ಖರ್ಚಿನಿಂದ ಹಿಡಿದು ನೆರೆಮನೆಯವರ ಮಾತಿನವರೆಗೆ ಒಂದೊಂದೇ ಎತ್ತಿ ವಾದ ಮಾಡಿದಳು. ಮಾತಾಡುತ್ತಿರುವುದು ತಾನಲ್ಲ, ಪಾತ್ರ ಅಂತಾದರೆ ಅಂಜಿಕೆ ಅರ್ಧ ಇಳಿಯುತ್ತದೆ. ಯಾವ ಭಾಷೆ ಬೇಕಾದರೂ ಆಡಲಿ. ನಡುವೆ ತಿದ್ದಬೇಡಿ.

ಎರಡು ಮೂರು ತಿಂಗಳ ನಂತರ ನಿಜವಾದ ಕೆಲಸ ಕೊಡಿ. ನಮ್ಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ, ಅದು ಒಳ್ಳೆಯ ಅವಕಾಶ. ನಮ್ಮ ಹುಡುಗಿಯರು ಆರಿಸಿದ್ದು ಉರಿಯದ ಬೀದಿ ದೀಪ. ಸಂಜೆ ನಡೆದು ಕಂಬ ಎಣಿಸಿದರು, ನಕ್ಷೆ ಬಿಡಿಸಿದರು, ಅರ್ಜಿ ಬರೆದರು. ಅರ್ಜಿಯಲ್ಲಿ ಕಾಗುಣಿತದ ತಪ್ಪಿತ್ತು, ನನ್ನ ಕೈ ತುರಿಸುತ್ತಿತ್ತು, ಆದರೂ ಸುಮ್ನೆ ಕೂತೆ. ಸಭೆಯಲ್ಲಿ ಅದನ್ನು ಓದಿದ ಹುಡುಗಿಯ ಕೈಯಲ್ಲಿ ಕಾಗದ ನಡುಗುತ್ತಿತ್ತು. 'ಯಾವ ಕಂಬ?' ಅಂತ ಅಧ್ಯಕ್ಷರು ಕೇಳಿದಾಗ ಮಾತ್ರ ಕಾಗದ ಕೆಳಗಿಟ್ಟು ಉತ್ತರ ಕೊಟ್ಟಳು. ದೀಪ ಆಮೇಲೂ ಎಷ್ಟೋ ದಿನ ಉರಿಯಲಿಲ್ಲ.

ಹಾಗಾದಾಗ ಗೆದ್ದವರ ಕತೆ ಹೇಳಲು ಹೋಗಬೇಡಿ. ಮಂಗಳೂರಿನಲ್ಲಿ ಹುಟ್ಟಿದ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಶಾಸನಸಭೆಗೆ ನಿಂತು ಸೋತದ್ದನ್ನು ನಾನು ಹೇಳಿದೆ. ಆಗ ಅವರಿಗೆ 23 ವರ್ಷ. 'ಆಮೇಲೆ ಏನು ಮಾಡಿದರು ಅಕ್ಕ?' ಅಂತ ಒಬ್ಬಳು ಕೇಳಿದಳು. ಹುಡುಕಿಕೊಂಡು ಬಾ ಅಂದೆ. ಮುಂದಿನ ಸಲ ಅರ್ಧ ಗಂಟೆ ಅವಳದ್ದೇ ಮಾತು.

ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ, ರಜೆ ಕೊಡಿ. ಇಲ್ಲದಿದ್ದರೆ ಮನೆಯವರು ಬಿಡಿಸುತ್ತಾರೆ. ಜೂನ್‌ನಲ್ಲಿ ಹೊಸ ಮಕ್ಕಳು ಬಂದಾಗ ಹಳಬರಲ್ಲಿ ಇಬ್ಬರು ಮುಂದೆ ಕೂರಲಿ. ನೀವು ಹಿಂದಿನ ಚಾಪೆಗೆ ಹೋಗಿ.