ಮನೆಯಲ್ಲಿರುವ ಬಂದೂಕನ್ನು ಸುರಕ್ಷಿತವಾಗಿ ಇಡುವುದು ಹೇಗೆ?

ಎಲ್ಲೋ ಬಾಂಬ್ ಸಿಡಿದ ಸುದ್ದಿ ಬಂದ ದಿನ ಮೈಸೂರಿನ ಬಸ್ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಚೀಲ ಕಂಡರೂ ಜನ ದೂರ ಸರಿಯುತ್ತಾರೆ. ಆ ಎಚ್ಚರ ತಪ್ಪಲ್ಲ. 2016ರ ಆಗಸ್ಟ್ 1ರಂದು ನಗರದ ನ್ಯಾಯಾಲಯದ ಆವರಣದ ಶೌಚಾಲಯದಲ್ಲೇ ಬಾಂಬ್ ಸಿಡಿದಿತ್ತು, ಪುಣ್ಯಕ್ಕೆ ಅಂದು ಯಾರೂ ಸಾಯಲಿಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ, ಅಲ್ಲಿ ಇಟ್ಟಿದ್ದ ಬಂದೂಕು ಬಾಲಕನೊಬ್ಬನ ಕೈಗೆ ಸಿಕ್ಕಿ ಗುಂಡು ಹಾರಿದಾಗ ಪುಟ್ಟ ಮಗುವೊಂದು ಪ್ರಾಣ ಕಳೆದುಕೊಂಡಿತು, ಮಗುವಿನ ತಾಯಿಯೂ ಗಾಯಗೊಂಡರು. ಆ ಸಾವಿನ ಹಿಂದೆ ಯಾವ ಸಂಚೂ ಇರಲಿಲ್ಲ, ಯಾರ ದ್ವೇಷವೂ ಇರಲಿಲ್ಲ. ತುಂಬಿದ ಬಂದೂಕು ಮಕ್ಕಳ ಕೈಗೆಟಕುವಲ್ಲಿತ್ತು, ಅಷ್ಟೇ.

ಬಂದೂಕು ಮನೆಮನೆಗೂ ಹರಡಿರುವ ಅಮೆರಿಕದ ಅಂಕಿಗಳು ಇದನ್ನೇ ಇನ್ನೂ ದೊಡ್ಡದಾಗಿ ತೋರಿಸುತ್ತವೆ. 2001ರ ಸೆಪ್ಟೆಂಬರ್ 11ರ ದಾಳಿಗಳಲ್ಲಿ ಅಲ್ಲಿ ಸುಮಾರು 3,000 ಮಂದಿ ಸತ್ತರೆ, 2021ರ ಒಂದೇ ವರ್ಷದಲ್ಲಿ ಗುಂಡಿಗೆ ಬಲಿಯಾದವರು 48,000ಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಆತ್ಮಹತ್ಯೆ. ನಮ್ಮಲ್ಲಿ ಪರವಾನಗಿಯ ಕಟ್ಟುನಿಟ್ಟು ಇರುವುದರಿಂದ ಸ್ಥಿತಿ ಅಷ್ಟು ಕೆಟ್ಟಿಲ್ಲ. ಆದರೂ ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಬಂದೂಕು ಇಟ್ಟುಕೊಂಡಿರುವ ಮನೆಯವರಿಗೆ ಹೊರಗಿನ ಉಗ್ರನಿಗಿಂತ ಒಳಗಿನ ನಳಿಗೆಯೇ ಹತ್ತಿರದ ಅಪಾಯ ಎಂಬುದು ನನ್ನ ದೃಢವಾದ ನಂಬಿಕೆ. ಈ ಅಪಾಯವನ್ನು ತಡೆಯುವುದು ಪೊಲೀಸರಿಗಿಂತ ಹೆಚ್ಚಾಗಿ ನಮ್ಮ ಕೈಯಲ್ಲೇ ಇದೆ.

ಮೊದಲು ಬಂದೂಕು ಖಾಲಿ ಇದೆಯೇ ಎಂದು ಪ್ರತಿ ಸಲವೂ ಕಣ್ಣಾರೆ ನೋಡಬೇಕು. "ನಿನ್ನೆ ನಾನೇ ತೆಗೆದಿಟ್ಟೆ" ಎಂಬ ನೆನಪನ್ನು ನಂಬಬಾರದು. ತೋಟಾ ಹಾಕುವ ಜೋಡಿನಳಿಗೆಯ ಬಂದೂಕಾದರೆ, ಬೆರಳನ್ನು ಕುದುರೆಯಿಂದ (ಟ್ರಿಗರ್‌ನಿಂದ) ದೂರವಿಟ್ಟು, ನಳಿಗೆಯ ಬಾಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಮೇಲಿನ ಸನ್ನೆಯನ್ನು (ಲಿವರ್) ಒತ್ತಿ ಬಂದೂಕನ್ನು ಮಡಚಬೇಕು, ತೋಟಾಗಳಿದ್ದರೆ ತೆಗೆದು ಎರಡೂ ನಳಿಗೆಗಳಲ್ಲಿ ಹಿಂದಿನಿಂದ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ಬಾಯಿಯಿಂದ ಮದ್ದು ತುಂಬುವ ನಾಡಬಂದೂಕಿನಲ್ಲಿ ಹೀಗೆ ನೋಡಲು ಬರುವುದಿಲ್ಲ, ಆದ್ದರಿಂದಲೇ ಅದು ಹೆಚ್ಚು ಮೋಸ ಮಾಡುತ್ತದೆ. ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಕೇಪು ತೆಗೆದೊಡನೆ ಬಂದೂಕು ಖಾಲಿಯಾಯಿತೆಂದು ಅನೇಕರು ತಿಳಿಯುತ್ತಾರೆ, ಆದರೆ ಮದ್ದು ಮತ್ತು ಚರೆ ನಳಿಗೆಯ ತಳದಲ್ಲಿ ಹಾಗೆಯೇ ಇರುತ್ತವೆ. ಇದಕ್ಕೊಂದು ಹಳೆಯ, ನಂಬಿಗಸ್ತ ಉಪಾಯವಿದೆ: ಖಾಲಿಯೆಂದು ಖಚಿತವಾಗಿ ಗೊತ್ತಿರುವಾಗ ಗಜವನ್ನು, ಅಂದರೆ ಮದ್ದು ಜಡಿಯುವ ಉದ್ದನೆಯ ಕೋಲನ್ನು, ತಳದವರೆಗೆ ಇಳಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಒಂದು ಗೆರೆ ಕೊರೆದುಕೊಳ್ಳಬೇಕು. ಮುಂದೆ ಎಂದಾದರೂ, ಕೇಪು ಇಲ್ಲವೆಂದು ನೋಡಿಕೊಂಡು, ಮುಖವನ್ನು ಪಕ್ಕಕ್ಕೆ ಸರಿಸಿ ಗಜ ಇಳಿಸಿದಾಗ ಆ ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಮದ್ದಿದೆ ಎಂದೇ ಅರ್ಥ. ಅದನ್ನು ಕೆದಕಿ ತೆಗೆಯಲು ಹೋಗದೆ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ನೆರವು ಪಡೆಯಬೇಕು.

ಖಾಲಿ ಮಾಡಿದ ಬಂದೂಕನ್ನು ಗೋಡೆಯ ಮೊಳೆಗೆ ತೂಗುಹಾಕುವುದು, ಅಟ್ಟದ ಮೇಲೆ ಇಡುವುದು, ಪಂಪ್‌ಸೆಟ್ ಮನೆಯ ಮೂಲೆಗೆ ಒರಗಿಸುವುದು ಯಾವುದೂ ಸಲ್ಲದು. ಅದು ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿರಬೇಕು. ತೋಟಾ, ಮದ್ದು, ಕೇಪುಗಳು ಬೇರೊಂದು ಬೀಗದ ಪೆಟ್ಟಿಗೆಯಲ್ಲಿ, ಒಲೆಯಿಂದ ದೂರದಲ್ಲಿರಬೇಕು. ಬೀರುವಿನ ಕೀಲಿ ಸೀರೆಗಳ ಮಡಿಕೆಯಲ್ಲೋ ದೇವರ ಮನೆಯ ಗೂಡಿನಲ್ಲೋ ಇರುತ್ತದೆಂಬುದು ಮನೆಯ ಮಕ್ಕಳಿಗೆಲ್ಲ ಗೊತ್ತಿರುವುದರಿಂದ, ಬಂದೂಕಿನ ಕೀಲಿ ಪರವಾನಗಿದಾರರ ಬಳಿಯೇ ಇರತಕ್ಕದ್ದು.

ವರ್ಷಕ್ಕೊಮ್ಮೆ ಈ ಶಿಸ್ತು ಸಡಿಲವಾಗುವುದು ಆಯುಧಪೂಜೆಯ ದಿನ. ಅಂದು ಬಂದೂಕನ್ನು ಒರೆಸಿ, ಎಣ್ಣೆ ಹಚ್ಚಿ, ಅರಿಶಿನ ಕುಂಕುಮವಿಟ್ಟು ನೇಗಿಲು ಮಚ್ಚುಗಳ ಜೊತೆ ಇಡುತ್ತಾರೆ, ಮನೆ ತುಂಬ ನೆಂಟರ ಮಕ್ಕಳಿರುತ್ತಾರೆ. ಆದ್ದರಿಂದ ತೋಟಾಗಳನ್ನು ಪೂಜೆಗೆ ಇಡಬೇಡಿ, ಹಿರಿಯರೊಬ್ಬರು ಮಂಗಳಾರತಿ ಮುಗಿಯುವವರೆಗೂ ಬಂದೂಕಿನ ಪಕ್ಕದಲ್ಲೇ ಇರಲಿ, ಮುಗಿದ ಕೂಡಲೇ ಅದು ಬೀರುವಿಗೆ ಮರಳಲಿ. ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವುದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ತೋಟ, ಫಾರಂ ಇರುವವರಿಗೆ ಇನ್ನೊಂದು ಮಾತು. ಪರವಾನಗಿ ವ್ಯಕ್ತಿಗೆ ಸಿಗುವುದೇ ಹೊರತು ಜಮೀನಿಗಲ್ಲ. ಪರವಾನಗಿಯಲ್ಲಿ ಹೆಸರಿಲ್ಲದ ಕಾವಲಿನವನ ಕೈಗೆ ಬಂದೂಕು ಬಿಟ್ಟು ಊರಿಗೆ ಹೋಗುವುದು ಅಪರಾಧ. ಬೆಳೆ ರಕ್ಷಣೆಯ ಪರವಾನಗಿ ಇದ್ದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲುವ ಅನುಮತಿಯೂ ಸಿಕ್ಕಂತಾಗುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ವಿಷಯವನ್ನೂ ಹೇಳಲೇಬೇಕು. ಸಾಲ, ಬೆಳೆನಷ್ಟ, ಕುಡಿತ, ಮನೆಯ ಜಗಳಗಳಿಂದ ಯಾರಾದರೂ ಕುಗ್ಗಿಹೋಗಿದ್ದರೆ, ಸಾಯುವ ಮಾತನಾಡುತ್ತಿದ್ದರೆ, ಬೀಗವೊಂದೇ ಸಾಲದು. ಬಂದೂಕು ಮನೆಯಲ್ಲೇ ಇರಬಾರದು. ಆ ಕೆಟ್ಟ ಗಳಿಗೆ ಎಷ್ಟೋ ಸಲ ತಾನಾಗಿ ಕಳೆದುಹೋಗುತ್ತದೆ, ಆದರೆ ಗುಂಡು ಇನ್ನೊಂದು ಅವಕಾಶ ಕೊಡುವುದು ತೀರ ಅಪರೂಪ. ಚುನಾವಣೆಯ ಸಮಯದಲ್ಲಿ ಮಾಡುವಂತೆಯೇ ಆಗಲೂ ಅದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿ ಇಟ್ಟು ರಸೀದಿ ಪಡೆಯಬಹುದು. ಹಾಗೆ ಇಡುವುದರಿಂದ ಮನೆತನದ ಮಾನವೇನೂ ಹೋಗುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪರವಾನಗಿದಾರರು ತೀರಿಕೊಂಡರೆ, "ಅಪ್ಪನ ಬಂದೂಕು" ಎಂದು ಅದನ್ನು ಹಾಗೆಯೇ ಮನೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ತಡಮಾಡದೆ ಅದನ್ನು ಠೇವಣಿ ಇಟ್ಟು, ಬಳಿಕ ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಬೇಕು. ಯಾರಿಗೂ ಬೇಡವಾದರೆ ಪರವಾನಗಿ ನೀಡಿದ ಪ್ರಾಧಿಕಾರಕ್ಕೆ ತಿಳಿಸಿ ವ್ಯಾಪಾರಿಗೆ ಮಾರಬಹುದು ಅಥವಾ ಸರ್ಕಾರಕ್ಕೆ ಒಪ್ಪಿಸಬಹುದು.