ಮಫ್ಲರ್ ಸಮೋಸ ಆಗದಿರಲಿ: ಕ್ರೋಶಾದಲ್ಲಿ ಚೈನು, ಸಾಲುಗಳ ಲೆಕ್ಕ ಇಡುವುದು ಹೀಗೆ

ಹೊಸದಾಗಿ ಕ್ರೋಶಾ ಕಡ್ಡಿ ಹಿಡಿದವರು ಮೊದಲು ಮಫ್ಲರ್‌ಗೇ ಕೈ ಹಾಕುತ್ತಾರೆ. ಹತ್ತು ಸಾಲು ಆಗುವಷ್ಟರಲ್ಲಿ ಒಂದು ಬದಿ ಒಳಗೆ ಸರಿಯುತ್ತದೆ. ಇಪ್ಪತ್ತು ಸಾಲಿಗೆ ಅದು ಸಮೋಸ. ಆಗ ಕೈ ಬಿಗಿ ಆಯಿತೇನೋ ಅಂತ ಕಡ್ಡಿ ಬದಲಿಸುತ್ತಾರೆ, ಉಲ್ಲನ್ ಬದಲಿಸುತ್ತಾರೆ. ‘ಇಸ್ತ್ರಿ ಮಾಡಿ, ಸರಿ ಹೋಗುತ್ತೆ’ ಅಂತ ಯಾರೋ ಒಬ್ಬರು ಹೇಳಿಯೂ ಬಿಡುತ್ತಾರೆ. ಸರಿ ಹೋಗುವುದಿಲ್ಲ. ಅಕ್ರಿಲಿಕ್ ಉಲ್ಲನ್ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಅದು ಚಪ್ಪಟೆಯಾಗಿ ಜೋತು ಬೀಳುತ್ತದೆ, ಅಷ್ಟೇ.

ಹೆಚ್ಚಿನ ಸಲ ತಪ್ಪು ಇರುವುದು ಕೈಯಲ್ಲಲ್ಲ, ಲೆಕ್ಕದಲ್ಲಿ. ಪ್ರತಿ ಸಾಲಿನ ಶುರುವಿನಲ್ಲಿ ಹಾಕುವ ಚೈನನ್ನು, ಅಂದರೆ ಜಡೆಯ ಹಾಗೆ ಒಂದರೊಳಗೊಂದು ಎಳೆದ ಕುಣಿಕೆಗಳನ್ನು, ಒಂದು ಸ್ಟಿಚ್ ಅಂತ ಎಣಿಸಬೇಕೋ ಬೇಡವೋ? ಇದನ್ನು ಮೊದಲೇ ತೀರ್ಮಾನ ಮಾಡದೆ ಹೆಣೆಯುತ್ತಾ ಹೋದರೆ ಅಂಚು ಓರೆಯಾಗುವುದು ಖಂಡಿತ.

ಸಾಮಾನು

ಮಧ್ಯಮ ದಪ್ಪದ, ತಿಳಿ ಬಣ್ಣದ, ಸಾದಾ ಉಲ್ಲನ್. 4 ಅಥವಾ 5 ಮಿಲಿಮೀಟರ್ ಕಡ್ಡಿ. ನಾಲ್ಕಾರು ಸೇಫ್ಟಿ ಪಿನ್ನು. ಇಷ್ಟೇ ಸಾಕು.

ಕಪ್ಪು ಉಲ್ಲನ್ ಬೇಡ, ರಾತ್ರಿ ಟ್ಯೂಬ್‌ಲೈಟಿನಲ್ಲಿ ಒಂದು ಸ್ಟಿಚ್ಚೂ ಕಾಣುವುದಿಲ್ಲ. ತುಪ್ಪಳದ ಹಾಗೆ ಕೂದಲು ಕೂದಲಾಗಿರುವ ಫ್ಯಾನ್ಸಿ ಉಲ್ಲನ್ ಅಂತೂ ಮುಟ್ಟಲೇಬೇಡಿ. ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಆದರೆ ಅದರಲ್ಲಿ ಎಣಿಸುವುದೂ ಆಗದು, ಬಿಚ್ಚುವುದೂ ಆಗದು. ಕಡ್ಡಿ ಕೊಳ್ಳುವಾಗ ಮೇಲೆ ಮಿಲಿಮೀಟರ್ ಬರೆದಿದೆಯೇ ನೋಡಿ. ಬರೀ ನಂಬರ್ ಹೇಳಿ ತಂದರೆ ಎಡವಟ್ಟಾಗಬಹುದು. ಸಣ್ಣ ಉಕ್ಕಿನ ಕಡ್ಡಿಗಳಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ತೆಳ್ಳಗಾಗುತ್ತದೆ. ತುದಿಯ ಕೊಕ್ಕೆ ಒರಟಾಗಿರುವ ಅಗ್ಗದ ಸೆಟ್ಟುಗಳು ದಾರವನ್ನು ಎಳೆ ಎಳೆಯಾಗಿ ಸೀಳುತ್ತವೆ. ಹನ್ನೆರಡು ಕೆಟ್ಟ ಕಡ್ಡಿಗಿಂತ ಒಂದು ಒಳ್ಳೆಯ ಕಡ್ಡಿ ತನ್ನಿ.

ಡಬಲ್ ಅಂದರೆ ಯಾವ ಡಬಲ್?

ಅಮೆರಿಕದ ಪ್ಯಾಟರ್ನ್‌ನಲ್ಲಿ ಸಿಂಗಲ್ ಕ್ರೋಶೆ ಅನ್ನುವುದನ್ನೇ ಬ್ರಿಟಿಷ್ ಪ್ಯಾಟರ್ನ್ ಡಬಲ್ ಕ್ರೋಶೆ ಅನ್ನುತ್ತದೆ. ಅಮೆರಿಕದವರ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಅಜ್ಜಿಯ ಕಾಲದ ಬ್ರಿಟಿಷ್ ಪುಸ್ತಕ ತೆರೆದಿಟ್ಟುಕೊಂಡು, ಜೊತೆಗೆ ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡಿದರೆ ಎರಡೂ ಕೂಡುವುದಿಲ್ಲ. ಪ್ಯಾಟರ್ನ್‌ನಲ್ಲಿ ಎಲ್ಲಾದರೂ ‘ಸಿಂಗಲ್ ಕ್ರೋಶೆ’ ಅಂತ ಇದ್ದರೆ ಅದು ಅಮೆರಿಕದ್ದು. ಬ್ರಿಟಿಷ್ ಲೆಕ್ಕದಲ್ಲಿ ಸಿಂಗಲ್ ಅನ್ನುವ ಹೆಸರು ಬಳಕೆಯಲ್ಲಿ ಕಾಣುವುದೇ ಅಪರೂಪ. ಇಲ್ಲಿ ನಾನು ಹೇಳುವುದೆಲ್ಲ ಅಮೆರಿಕದ ಹೆಸರುಗಳಲ್ಲಿ. ಸಿಂಗಲ್ ಅಂದರೆ ಗಿಡ್ಡದ್ದು. ಡಬಲ್ ಅಂದರೆ ಕಡ್ಡಿಗೆ ಒಮ್ಮೆ ದಾರ ಸುತ್ತಿಕೊಂಡು ಹಾಕುವ ಎತ್ತರದ ಕಂಬ.

ಮೊದಲ ಚೈನು

ಜೀರುಗುಣಿಕೆ ಗಂಟು ಹಾಕಿ, ಚೈನು ಹೆಣೆಯಿರಿ. ಎಣಿಸುವಾಗ ಎರಡು ನಿಯಮ. ಶುರುವಿನ ಗಂಟನ್ನು ಎಣಿಸಬಾರದು. ಕಡ್ಡಿಯ ಮೇಲೆ ಕೂತಿರುವ ಕುಣಿಕೆಯನ್ನೂ ಎಣಿಸಬಾರದು. ಅವೆರಡರ ನಡುವೆ ಜಡೆಯ ಹಾಗೆ ಕಾಣುವ ಸಾಲಿದೆಯಲ್ಲ, ಅದರ ಒಂದೊಂದು ಹೆಣಿಕೆ ಒಂದೊಂದು ಚೈನು. ಜಡೆ ಕಾಣುವ ಮುಖವನ್ನು ಮೇಲೆ ಮಾಡಿಕೊಂಡೇ ಎಣಿಸಿ. ಹಿಂಬದಿಯಲ್ಲಿ ಬರೀ ಸಣ್ಣ ಉಬ್ಬುಗಳು ಕಾಣುತ್ತವೆ, ಲೆಕ್ಕ ತಪ್ಪುತ್ತದೆ.

ಉದ್ದ ಚೈನು ಹಾಕುವಾಗ ಇಪ್ಪತ್ತಕ್ಕೊಂದು ಪಿನ್ನು ಸಿಕ್ಕಿಸಿ. ಮಧ್ಯೆ ಯಾರಾದರೂ ಬೆಲ್ ಮಾಡಿದರೂ ಮೊದಲಿಂದ ಎಣಿಸಬೇಕಿಲ್ಲ. ಶಾಲು, ಹೊದಿಕೆಯಂಥ ದೊಡ್ಡ ಕೆಲಸಕ್ಕೆ ನಾಲ್ಕೈದು ಚೈನು ಹೆಚ್ಚೇ ಹಾಕಿಬಿಡಿ. ಮೊದಲ ಸಾಲು ಮುಗಿದ ಮೇಲೆ ಉಳಿದದ್ದನ್ನು ಗಂಟಿನ ಕಡೆಯಿಂದ ಬಿಚ್ಚಬಹುದು. ಕಡಿಮೆ ಬಿದ್ದರೆ ಮಾತ್ರ ಪೀಕಲಾಟ.

ಚೈನು ಬಿಗಿಯಾದರೆ ಕೆಳಗಿನ ಅಂಚು ಬಿಲ್ಲಿನಂತೆ ಬಾಗುತ್ತದೆ. ‘ಸಡಿಲವಾಗಿ ಹಾಕಿ’ ಅಂತ ಹೇಳುವುದು ಸುಲಭ, ಕೈ ಕೇಳಬೇಕಲ್ಲ! ಚೈನಿಗೆ ಮಾತ್ರ ಒಂದು ಸೈಜು ದೊಡ್ಡ ಕಡ್ಡಿ ಬಳಸಿ, ಮೊದಲ ಸಾಲಿನಿಂದ ಮಾಮೂಲಿ ಕಡ್ಡಿಗೆ ಬನ್ನಿ.

ಎಷ್ಟು ಚೈನು ಬೇಕು?

20 ಸ್ಟಿಚ್ ಅಗಲದ ತುಂಡು ಬೇಕು ಅಂದುಕೊಳ್ಳಿ. ಸಿಂಗಲ್ ಆದರೆ 21 ಚೈನು ಹಾಕಿ, ಕಡ್ಡಿಯಿಂದ ಎರಡನೇ ಚೈನಿನಲ್ಲಿ ಮೊದಲ ಸ್ಟಿಚ್. ಹೆಚ್ಚಿನ ಒಂದು ಚೈನು ಎತ್ತರಕ್ಕೆ ಮಾತ್ರ, ಅದು ಲೆಕ್ಕಕ್ಕಿಲ್ಲ.

ಡಬಲ್ ಆದರೆ 22 ಚೈನು. ಇಲ್ಲಿಂದ ದಾರಿ ಎರಡಾಗುತ್ತದೆ. ಕಡ್ಡಿಯಿಂದ ನಾಲ್ಕನೇ ಚೈನಿನಲ್ಲಿ ಶುರು ಮಾಡಿದರೆ, ಬಿಟ್ಟ ಮೂರು ಚೈನು ಸೇರಿ ಒಂದು ಕಂಬ. ಉಳಿದ 19 ಚೈನಿನಲ್ಲಿ 19 ಕಂಬ. ಒಟ್ಟು 20. ಮೂರನೇ ಚೈನಿನಲ್ಲೇ ಶುರು ಮಾಡಿದರೆ, ಬಿಟ್ಟ ಎರಡು ಚೈನು ಲೆಕ್ಕಕ್ಕಿಲ್ಲ, 20 ಚೈನಿನಲ್ಲಿ 20 ಕಂಬ. ನೋಡಿ, ಎರಡಕ್ಕೂ 22 ಚೈನೇ. ಅದಕ್ಕೇ ಇಷ್ಟೊಂದು ಗೊಂದಲ. ಒಂದು ವಿಡಿಯೊ ನೋಡಿ ಶುರು ಮಾಡಿ, ಇನ್ನೊಂದು ನೋಡಿ ಮುಂದುವರಿಸಿದವರಿಗೆ ಎಲ್ಲಿ ತಪ್ಪಿತು ಅಂತ ಗೊತ್ತೇ ಆಗುವುದಿಲ್ಲ.

ಪ್ಯಾಟರ್ನ್‌ನಲ್ಲಿ ‘6ರ ಗುಣಕ, ಜೊತೆಗೆ 2’ ಅಂತಿದ್ದರೆ 6, 12, 18 ಹೀಗೆ ಬೇಕಾದಷ್ಟು ಅಗಲಕ್ಕೆ ತೆಗೆದುಕೊಂಡು, ಕೊನೆಗೆ ಒಂದೇ ಸಲ 2 ಕೂಡಿಸಿ. ಪ್ರತಿ ಆರಕ್ಕೂ ಎರಡೆರಡು ಕೂಡಿಸುವವರಿದ್ದಾರೆ!

ತಿರುಗಿದ ಮೇಲೆ: ಎಲ್ಲರೂ ಎಡವುವ ಜಾಗ

ಸಿಂಗಲ್‌ನಲ್ಲಿ ತಲೆನೋವು ಕಡಿಮೆ. ಒಂದು ಚೈನು ಹಾಕಿ, ತಿರುಗಿಸಿ, ಅದರ ಬುಡದಲ್ಲಿರುವ ಸ್ಟಿಚ್‌ನಲ್ಲೇ ಮೊದಲ ಸಿಂಗಲ್ ಹಾಕಿ. ಸಾಲಿನ ಕೊನೆಯಲ್ಲಿ, ಹಿಂದಿನ ಸಾಲಿನ ಆ ಒಂಟಿ ಚೈನನ್ನು ಮುಟ್ಟಬೇಡಿ.

ಡಬಲ್‌ನಲ್ಲಿ ನಿಧಾನವಾಗಿ ನೋಡಬೇಕು. ಮೊದಲು ಮೂರು ಚೈನಿನ ದಾರಿ. ಸಾಲು ಮುಗಿಯಿತು, ಮೂರು ಚೈನು ಹಾಕಿದಿರಿ, ತಿರುಗಿಸಿದಿರಿ. ಈ ಮೂರು ಚೈನು ಈಗಾಗಲೇ ಒಂದು ಕಂಬ. ಅದು ನಿಂತಿರುವುದು ಹಿಂದಿನ ಸಾಲಿನ ಕೊನೆಯ ಸ್ಟಿಚ್ ಮೇಲೆ. ಆದ್ದರಿಂದ ಆ ಸ್ಟಿಚ್‌ನೊಳಗೆ ಮತ್ತೆ ಕಡ್ಡಿ ತೂರಿಸಬಾರದು. ತೂರಿಸಿದರೆ ಒಂದೇ ಮನೆಯಲ್ಲಿ ಎರಡು ಕಂಬ ಆಗುತ್ತದೆ, ಅಗಲ ಬೆಳೆಯುತ್ತದೆ. ಅದನ್ನು ಬಿಟ್ಟು ಪಕ್ಕದ್ದರಲ್ಲಿ ಶುರು ಮಾಡಿ. ಹೀಗೆ 18 ಕಂಬ ಹಾಕಿದ ಮೇಲೆ ಸಾಲು ಮುಗಿದಂತೆ ಕಾಣುತ್ತದೆ. ಮುಗಿದಿಲ್ಲ! ಅಂಚಿನಲ್ಲಿ ಹಿಂದಿನ ಸಾಲಿನ ಮೂರು ಚೈನು ಸೊಟ್ಟಗೆ ನಿಂತಿರುತ್ತದೆ. ಅದು ಕಂಬದ ಹಾಗೆ ಕಾಣುವುದಿಲ್ಲ, ಸುಮ್ನೆ ಅಂಚಿನ ದಾರ ಅನ್ನಿಸುತ್ತದೆ. ಅದರ ತುದಿಯ ಚೈನಿನಲ್ಲಿ, ಅಂದರೆ ಕೆಳಗಿನಿಂದ ಮೂರನೆಯದರಲ್ಲಿ, ಕೊನೆಯ ಕಂಬ ಬರಬೇಕು. ಶುರುವಿನ ಒಂದು, ನಡುವಿನ 18, ಕೊನೆಯ ಒಂದು. ಇಪ್ಪತ್ತಾಯಿತು. ಈ ಕೊನೆಯದನ್ನು ಬಿಟ್ಟವರದ್ದೇ ಸಮೋಸ.

ಆ ತುದಿಯನ್ನು ಹುಡುಕುವುದೇ ಕಷ್ಟ ಅಲ್ವಾ? ಅದಕ್ಕೆ ಪಿನ್ನು. ಮೂರನೇ ಚೈನು ಹಾಕಿದ ತಕ್ಷಣ, ತಿರುಗಿಸುವ ಮೊದಲೇ, ಅದಕ್ಕೊಂದು ಪಿನ್ನು ಸಿಕ್ಕಿಸಿ. ವಾಪಸ್ ಬಂದಾಗ ಪಿನ್ನು ತೆಗೆದು ಅದೇ ಜಾಗದಲ್ಲಿ ಕಡ್ಡಿ ತೂರಿಸಿ. ಚೈನಿನ ಎರಡು ಎಳೆಗಳ ಕೆಳಗೆ ಕಡ್ಡಿ ಹೋಗಬೇಕು. ಕಂಬಕ್ಕೂ ಚೈನಿಗೂ ನಡುವಿನ ಸಂದಿನಲ್ಲಿ ತೂರಿಸುವುದು ಸೋಮಾರಿ ದಾರಿ, ಅಲ್ಲಿ ಕಿಂಡಿ ಬೀಳುತ್ತದೆ.

ಇನ್ನೊಂದು ಮೋಸ ಇದೆ. ಶುರುವಿನಲ್ಲಿ ಬುಡದಲ್ಲೂ ಒಂದು ಹಾಕಿ, ಕೊನೆಯಲ್ಲಿ ಚೈನಿನ ತುದಿಯನ್ನು ಬಿಟ್ಟರೆ ಏನಾಗುತ್ತದೆ? ಒಂದು ಹೆಚ್ಚಿತು, ಒಂದು ಕಡಿಮೆಯಾಯಿತು. ಎಣಿಸಿದರೆ ಸರಿಯಾಗಿ 20. ಆದರೆ ಎರಡೂ ಅಂಚು ಹಲ್ಲು ಹಲ್ಲಾಗಿರುತ್ತದೆ. ಹಾಗಾಗಿ ಲೆಕ್ಕ ಕೂಡಿತು ಅಂತ ಸುಮ್ಮನಾಗಬೇಡಿ, ಅಂಚನ್ನೂ ನೋಡಿ.

ಇನ್ನು ಎರಡು ಚೈನಿನ ದಾರಿ. ಎರಡು ಚೈನು ಹಾಕಿ, ತಿರುಗಿಸಿ, ಬುಡದ ಸ್ಟಿಚ್‌ನಲ್ಲೇ ಮೊದಲ ಕಂಬ ಹಾಕಿ. ಕೊನೆಯ ಕಂಬ ಹಿಂದಿನ ಸಾಲಿನ ಮೊದಲ ನಿಜವಾದ ಕಂಬದ ಮೇಲೆ. ಅದರಾಚೆಯ ಎರಡು ಚೈನನ್ನು ಬಿಟ್ಟುಬಿಡಿ. ಇಲ್ಲಿ ಪಿನ್ನು ಚೈನಿಗಲ್ಲ, ಮೊದಲ ಕಂಬದ ತಲೆಗೆ. ಹೊಸಬರು ಇದನ್ನೇ ಹಿಡಿಯಿರಿ ಅಂತ ನಾನು ಹೇಳುತ್ತೇನೆ. ಎಣಿಸುವುದೆಲ್ಲ ನಿಜವಾದ ಕಂಬಗಳೇ ಆದ್ದರಿಂದ ಕಣ್ಣಿಗೆ ಮೋಸ ಆಗುವುದಿಲ್ಲ. ಮೂರು ಚೈನಿನ ಪಕ್ಕದಲ್ಲಿ ಕಾಣುವ ಉದ್ದ ಸಂದೂ ಇಲ್ಲಿ ಕಡಿಮೆ. ಆದರೆ ಪ್ಯಾಟರ್ನ್‌ನಲ್ಲಿ ‘3 ಚೈನು, ಒಂದು ಸ್ಟಿಚ್ ಎಂದು ಎಣಿಸಿ’ ಅಂತ ಬರೆದಿದ್ದರೆ ಅದರ ಮಾತು ಕೇಳಿ. ಜಾಲರಿ, ಹೂವಿನ ವಿನ್ಯಾಸಗಳಲ್ಲಿ ಮುಂದಿನ ಲೆಕ್ಕವೆಲ್ಲ ಆ ಒಂದರ ಮೇಲೆ ನಿಂತಿರುತ್ತದೆ.

ಮೊದಲ ಐದು ಸಾಲಿನವರೆಗೆ ಪ್ರತಿ ಸಾಲಿನ ಕೊನೆಯಲ್ಲಿ ಎಣಿಸಿ. ಆಮೇಲೆ ನಾಲ್ಕು ಸಾಲಿಗೊಮ್ಮೆ ಸಾಕು.

ಸಾಲು ಎಣಿಸುವುದು

ಅಡಿಪಾಯದ ಚೈನು ಸಾಲಲ್ಲ. ಅರ್ಧಕ್ಕೆ ನಿಂತಿರುವುದೂ ಸಾಲಲ್ಲ. ಅಂಚಿನಲ್ಲಿ ಎಣಿಸಬೇಡಿ, ತುಂಡಿನ ನಡುವೆ ಕೆಳಗಿನಿಂದ ಮೇಲಕ್ಕೆ ಎಣಿಸಿ. ಡಬಲ್ ಆದರೆ ಒಂದು ಕಂಬದ ಎತ್ತರ ಒಂದು ಸಾಲು, ಮಕ್ಕಳೂ ಎಣಿಸಬಹುದು. ಸಿಂಗಲ್‌ನಲ್ಲಿ ಸಾಲುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ತುಂಡನ್ನು ಮೇಲೆ ಕೆಳಗೆ ಸ್ವಲ್ಪ ಎಳೆದು ಹಿಡಿಯಿರಿ. ಅಡ್ಡಡ್ಡ ಉಬ್ಬುಗಳು ಕಾಣುತ್ತವೆ. ಒಂದು ಉಬ್ಬಿಗೆ ಎರಡು ಸಾಲು. ಉಬ್ಬು ಎಣಿಸಿ ಎರಡರಿಂದ ಗುಣಿಸಿ.

ಈಗ ಹಾಕುತ್ತಿರುವುದು ಬೆಸ ಸಾಲೋ ಸರಿ ಸಾಲೋ ಅಂತ ಅನುಮಾನ ಬಂದರೆ, ಶುರುವಿನ ಗಂಟಿನಿಂದ ನೇತಾಡುವ ದಾರದ ತುದಿ ನೋಡಿ. ಬಲಗೈಯಲ್ಲಿ ಹೆಣೆಯುವವರಿಗೆ ಆ ತುದಿ ಎಡಗಡೆ ಇದ್ದರೆ ಬೆಸ ಸಾಲು, ಬಲಗಡೆ ಇದ್ದರೆ ಸರಿ ಸಾಲು. ಎಡಗೈಯವರಿಗೆ ಉಲ್ಟಾ. ಅದಕ್ಕೇ ಆ ತುದಿಯನ್ನು ಮೊದಲೇ ಕತ್ತರಿಸಬೇಡಿ.

ಹತ್ತು ಸಾಲಿಗೊಂದು ಪಿನ್ನು ಹಾಕಿ ಅಲ್ಲೇ ಬಿಡಿ, ಕೆಲಸ ಮುಗಿಯುವವರೆಗೆ ತೆಗೆಯಬೇಡಿ. ಬೆರಳಿಗೆ ಹಾಕಿಕೊಂಡು ಒತ್ತುವ ಪ್ಲಾಸ್ಟಿಕ್ ಕೌಂಟರುಗಳ ಮೇಲೆ ನನಗೆ ನಂಬಿಕೆ ಇಲ್ಲ. ಒತ್ತಿದೆನೋ ಇಲ್ಲವೋ ಅಂತ ನೆನಪಿರುವುದಿಲ್ಲ, ಬ್ಯಾಗಿನಲ್ಲಿ ತಾನೇ ಒತ್ತಿಕೊಳ್ಳುವುದೂ ಉಂಟು.

ಟೇಬಲ್ ಮ್ಯಾಟಿನಂತೆ ದುಂಡಗೆ ಹೆಣೆಯುವಾಗ ಒಂದು ವಿಷಯ ನೆನಪಿಡಿ. ಸುತ್ತು ಮುಗಿಸಿ ಜೋಡಿಸುವ ಸ್ಲಿಪ್ ಸ್ಟಿಚ್ ಲೆಕ್ಕಕ್ಕಿಲ್ಲ, ಅದರೊಳಗೆ ಕಂಬ ಹಾಕಬಾರದು. 12 ಕಂಬದ ಸುತ್ತಾದರೆ 3 ಚೈನು ಮತ್ತು 11 ಕಂಬ ಸೇರಿ 12, ಜೋಡಿಸುವುದು ಮೂರನೇ ಚೈನಿನ ತುದಿಗೆ.

ಸೀರೆಗೆ ಕ್ರೋಶಾ ಕುಚ್ಚು ಹಾಕುವವರಿಗೆ ಅಡಿಪಾಯದ ಚೈನು ಬೇಕಿಲ್ಲ, ಸೆರಗಿನ ಬಟ್ಟೆಯಲ್ಲೇ ಶುರು. ಆದರೆ ಲೆಕ್ಕ ಇದೇ. ಎರಡು ಮನೆಗೊಂದು ಕಮಾನು ಬರುವ ವಿನ್ಯಾಸವಾದರೆ ಮೊದಲ ಸಾಲಿನಲ್ಲಿ ಮನೆಗಳು ಸರಿಸಂಖ್ಯೆಯಲ್ಲಿರಬೇಕು. ಸೆರಗಿನ ಕೊನೆಗೆ ಬಂದಾಗ ಒಂದು ಮನೆ ಉಳಿದರೆ ರೇಷ್ಮೆ ದಾರ ಬಿಚ್ಚಬೇಕು. ಅದು ಸಿಕ್ಕುಗಟ್ಟುವ ಪರಿ ಬಿಚ್ಚಿದವರಿಗೇ ಗೊತ್ತು. ಕೊನೆಯ ಒಂದು ಗೇಣು ಉಳಿದಾಗಲೇ ಎಣಿಸಿ, ಮನೆಗಳ ಅಂತರವನ್ನು ಕೂದಲೆಳೆಯಷ್ಟು ಹಿಗ್ಗಿಸಿ ಕುಗ್ಗಿಸಿ ಹೊಂದಿಸಿಕೊಳ್ಳಿ.

ತಪ್ಪು ಸಿಕ್ಕಿದರೆ? ಎರಡು ಮೂರು ಸಾಲಿನ ಕೆಳಗಿದ್ದರೆ ಬಿಚ್ಚಿ. ಹತ್ತು ಸಾಲಿನ ಕೆಳಗೆ ಒಂದೇ ಒಂದು ಕಡಿಮೆಯಾಗಿದ್ದು, ಸಾದಾ ಹೆಣಿಗೆ ಆಗಿದ್ದರೆ ಈಗಿನ ಸಾಲಿನ ಮಧ್ಯದಲ್ಲೆಲ್ಲೋ ಒಂದು ಮನೆಯಲ್ಲಿ ಎರಡು ಕಂಬ ಹಾಕಿ ಮುಂದೆ ಹೋಗಿ. ಅಂಚಿನಲ್ಲಿ ಮಾತ್ರ ಹಾಕಬೇಡಿ, ಅಲ್ಲಿ ಎದ್ದು ಕಾಣುತ್ತದೆ. ಎರಡಕ್ಕಿಂತ ಹೆಚ್ಚು ತಪ್ಪಿದ್ದರೆ, ಅಥವಾ ವಿನ್ಯಾಸ ಇರುವ ಹೆಣಿಗೆ ಆಗಿದ್ದರೆ, ಬಿಚ್ಚದೆ ಬೇರೆ ದಾರಿಯಿಲ್ಲ. ಬಿಚ್ಚುವ ಮೊದಲು ಸರಿಯಿರುವ ಸಾಲಿನ ಒಂದು ಸ್ಟಿಚ್‌ಗೆ ಪಿನ್ನು ಸಿಕ್ಕಿಸಿ, ದಾರವನ್ನು ಎಳೆಯುತ್ತಲೇ ಉಂಡೆಗೆ ಸುತ್ತಿಕೊಳ್ಳಿ.