ಜೋನಿ ಬೆಲ್ಲದ ಆಂಜಾಕ್ ಬಿಸ್ಕತ್ತು, ಏಪ್ರಿಲ್ 25ರ ಬೆಳಗಿಗೆ

ಮೊದಲೇ ಹೇಳಿಬಿಡುತ್ತೇನೆ, ಹಸಿ ಕಾಯಿತುರಿ ಹಾಕಬೇಡಿ. ನಾನು ಹಾಕಿ ಕೆಟ್ಟಿದ್ದೇನೆ. ಮನೆ ತುಂಬ ತೆಂಗಿನಕಾಯಿ ಬಿದ್ದಿರುವಾಗ ಒಣ ಕೊಬ್ಬರಿ ಯಾಕೆ ಅಂತ ಎರಡು ಕಾಯಿ ಒಡೆದು ತುರಿದು ಸುರಿದೆ. ಬಿಸಿ ಇದ್ದಾಗ ಬಿಸ್ಕತ್ತು ಭರ್ಜರಿಯಾಗಿತ್ತು. ನಾಲ್ಕನೇ ದಿನ ಡಬ್ಬಿ ಮುಚ್ಚಳ ತೆಗೆದರೆ ಮುಗ್ಗುಲು ವಾಸನೆ. ಅಷ್ಟೂ ಗೊಬ್ಬರದ ಗುಂಡಿಗೆ ಹೋಯಿತು.

ಆಂಜಾಕ್ ಬಿಸ್ಕತ್ತು ಅಂದರೆ ಆಸ್ಟ್ರೇಲಿಯಾದವರ ಓಟ್ಸ್ ಬಿಸ್ಕತ್ತು, ಇಟ್ಟು ತಿನ್ನುವ ತಿಂಡಿ. ನಮ್ಮ ಹಪ್ಪಳ, ಸಂಡಿಗೆ, ಮಾವಿನ ಮಿಡಿ ಹೇಗೋ ಹಾಗೆ. ಇದನ್ನು ಕಲಿತದ್ದು ಮೆಲ್ಬರ್ನ್‌ನಲ್ಲಿ. ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟದ ಮನೆಯಿಂದ ಮಗಳ ಬಾಣಂತನಕ್ಕೆ ಅಂತ ಹೋಗಿ ಆರು ತಿಂಗಳು ಇದ್ದೆ. ಮಗು ಮಲಗಿದ ಮೇಲೆ ನನಗೆ ಕೆಲಸವಿರುತ್ತಿರಲಿಲ್ಲ. ಬೇಲಿ ಆಚೆ ಮನೆಯ ಅಜ್ಜಿಗೂ ಇರುತ್ತಿರಲಿಲ್ಲ. ಅವರ ಇಂಗ್ಲಿಷ್ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನದು ಅವರಿಗೆ ಅದಕ್ಕಿಂತ ಕಡಿಮೆ. ಒಲೆ ಮುಂದೆ ನಿಂತರೆ ಅದೇನೂ ತೊಂದರೆಯಲ್ಲ ಬಿಡಿ.

ಆಂಜಾಕ್ ಅಂದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇನಾ ದಳದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 25ರ ನಸುಕಿನಲ್ಲಿ ಆ ದಳ ಟರ್ಕಿಯ ಗಲಿಪೊಲಿ ತೀರದಲ್ಲಿ ಇಳಿಯಿತು. ಎಂಟು ತಿಂಗಳು ಕಾದಾಡಿತು. ಗೆಲ್ಲಲು ಆಗಲಿಲ್ಲ, ಡಿಸೆಂಬರ್‌ನಲ್ಲಿ ವಾಪಸ್ ಹೊರಟಿತು. ಆಸ್ಟ್ರೇಲಿಯಾದವರೇ 8,000ಕ್ಕೂ ಜಾಸ್ತಿ ಜನ ಸತ್ತರು. ಸೋತ ಯುದ್ಧದ ದಿನಕ್ಕೆ, ಅಂದರೆ ಏಪ್ರಿಲ್ 25ರ ಆಂಜಾಕ್ ದಿನಕ್ಕೆ, ದೇಶವೆಲ್ಲ ರಜೆ ಅಂತ ಮಗಳು ಹೇಳಿದಾಗ ನನಗೆ ವಿಚಿತ್ರ ಅನ್ನಿಸಿತ್ತು. ಆಮೇಲೆ ನಮ್ಮ ತೋಟದ ಅಂಚಿನ ವೀರಗಲ್ಲು ನೆನಪಾಯಿತು. ಅವನೂ ಗೆದ್ದು ಮನೆಗೆ ಬಂದವನಲ್ಲವಲ್ಲ.

ಇದೇ ಬಿಸ್ಕತ್ತನ್ನು ಸೈನಿಕರು ಅಲ್ಲಿ ಕೂತು ತಿಂದರು ಅಂದುಕೊಳ್ಳಬೇಡಿ. ಅವರಿಗೆ ಸಿಕ್ಕಿದ್ದು ಕಲ್ಲಿನಂಥ ಒಣ ಬಿಸ್ಕತ್ತು. ಹಲ್ಲಿಗೆ ಬಗ್ಗದೆ, ತುರಿದು ಗಂಜಿ ಮಾಡಿಕೊಳ್ಳುತ್ತಿದ್ದರಂತೆ. ಕೆಲವರು ಅದರ ಮೇಲೇ ನಾಲ್ಕು ಸಾಲು ಬರೆದು ಮನೆಗೆ ಕಳಿಸಿದ್ದೂ ಇದೆ. ಓಟ್ಸ್ ಹಾಕಿದ ಸಿಹಿ ಬಿಸ್ಕತ್ತು ಊರಲ್ಲಿ ಉಳಿದ ಹೆಂಗಸರದ್ದು. ಯುದ್ಧದ ನಿಧಿಗೆ ದುಡ್ಡು ಕೂಡಿಸಲು ಮಾಡಿ ಮಾರುತ್ತಿದ್ದರು. ಹಡಗಿನಲ್ಲಿ ಯುದ್ಧಕ್ಕೆ ಹೋದ ಮಕ್ಕಳಿಗೆ ಕಳಿಸುತ್ತಿದ್ದರು ಅಂತಲೂ ಅಲ್ಲಿ ಎಲ್ಲರೂ ಹೇಳುತ್ತಾರೆ. ಮೊದಮೊದಲಿನ ಬಿಸ್ಕತ್ತಿಗೆ ಕೊಬ್ಬರಿಯೇ ಇರಲಿಲ್ಲವಂತೆ, ಆಮೇಲೆ ಸೇರಿದ್ದು. ಮೊಟ್ಟೆ ಆಗಲೂ ಇಲ್ಲ, ಈಗಲೂ ಇಲ್ಲ. ಹಾಗಾಗಿ ನಮ್ಮತ್ತೆಯ ಅಡುಗೆಮನೆಗೆ ಇದು ತಕರಾರಿಲ್ಲದೆ ಒಳಗೆ ಬಂತು.

ಅಳತೆಗೆ ಕಾಲು ಲೀಟರ್ ಹಿಡಿಸುವ ಒಂದೇ ಲೋಟ ಇಟ್ಟುಕೊಳ್ಳಿ. ಒಂದು ಲೋಟ ಓಟ್ಸ್, ಒಂದು ಲೋಟ ಮೈದಾ, ಮುಕ್ಕಾಲು ಲೋಟ ಸಕ್ಕರೆ, ಮುಕ್ಕಾಲು ಲೋಟ ಒಣ ಕೊಬ್ಬರಿ ತುರಿ, 125 ಗ್ರಾಂ ಬೆಣ್ಣೆ, ಮೂರು ದೊಡ್ಡ ಚಮಚ ಜೋನಿ ಬೆಲ್ಲ (ಗಟ್ಟಿ ಕಟ್ಟದ, ಸುರಿಯುವಂಥ ಬೆಲ್ಲ), ಒಂದು ಸಣ್ಣ ಚಮಚ ಅಡುಗೆ ಸೋಡಾ, ಒಂದು ದೊಡ್ಡ ಚಮಚ ಕುದಿಯುವ ನೀರು. ಅಜ್ಜಿ ನೀರು ಎರಡು ಚಮಚ ಹಾಕುತ್ತಿದ್ದರು. ನಮ್ಮ ಮನೆ ಬೆಣ್ಣೆಯಲ್ಲಿ ಮಜ್ಜಿಗೆ ಅಂಶ ಇದ್ದೇ ಇರುತ್ತದೆ, ಅದಕ್ಕೇ ನಾನು ಒಂದಕ್ಕೆ ಇಳಿಸಿದೆ. ಬೆಣ್ಣೆಯನ್ನು ಎರಡು ಸಲ ತಣ್ಣೀರಲ್ಲಿ ತೊಳೆದು ಹಿಂಡಿ.

ಓಟ್ಸ್ ದೊಡ್ಡ ಎಸಳಿನದ್ದು ಬೇಕು. ಎರಡು ನಿಮಿಷಕ್ಕೆ ಬೇಯುವ ಪುಡಿ ಓಟ್ಸ್ ಬೇಡ, ಮಸಾಲೆಯದ್ದಂತೂ ಬೇಡವೇ ಬೇಡ. ಶಿವಮೊಗ್ಗಕ್ಕೆ ಹೋದವರ ಹತ್ತಿರ ತರಿಸಿದಾಗ ಒಮ್ಮೆ ಮಸಾಲೆಯದ್ದೇ ಬಂದಿತ್ತು. ಓಟ್ಸ್ ಬದಲು ಗಟ್ಟಿ ಅವಲಕ್ಕಿ ಹಾಕಿಯೂ ನೋಡಿದ್ದೇನೆ. ಅದು ಅಂಟಿಕೊಳ್ಳುವುದಿಲ್ಲ, ಒಲೆಯಿಂದ ತೆಗೆದರೆ ಸಿಹಿ ಚೂಡಾ ಆಗಿರುತ್ತದೆ. ತಿನ್ನಲು ಅಡ್ಡಿಯಿಲ್ಲ, ಬಿಸ್ಕತ್ತು ಅನ್ನುವ ಹಾಗಿಲ್ಲ.

ಇನ್ನು ಜೋನಿ ಬೆಲ್ಲದ ವಿಷಯ. ಅಲ್ಲಿ ಹಾಕುವುದು ಗೋಲ್ಡನ್ ಸಿರಪ್, ಅದೂ ಕಬ್ಬಿನದ್ದೇ. ಅಜ್ಜಿ ಚಮಚದಲ್ಲಿ ಎತ್ತಿ ತೋರಿಸಿದಾಗ ನಾನು ಬೆರಳು ಅದ್ದಿ ನೆಕ್ಕಿ, "ಓ, ಜೋನಿ!" ಅಂದಿದ್ದೆ. ಅವರು ಅದು ಯಾರದೋ ಹೆಸರು ಅಂದುಕೊಂಡರು. ಮನೆಗೆ ಬಂದ ಮೇಲೆ ಆಲೆಮನೆಯಿಂದ ತಂದಿಟ್ಟ ಡಬ್ಬದಿಂದ ಎರಡು ಚಮಚ ತೆಗೆದು ಹಾಗೇ ಹಾಕಿದೆ. ತಟ್ಟೆಯ ತುಂಬ ಹರಿದು ಹನ್ನೆರಡು ಬಿಸ್ಕತ್ತು ಸೇರಿ ಒಂದು ದೋಸೆಯಾಯಿತು. ಮನೆಯವರು ಅದನ್ನು ಮುರಿದುಕೊಂಡು ತಿನ್ನುತ್ತ ಚೆನ್ನಾಗಿದೆ ಅಂದರು, ಪಾಪ.

ತಪ್ಪು ನೀರಿನದ್ದು. ಜೋನಿಯಲ್ಲಿ ಎಷ್ಟು ನೀರಿದೆ ಅನ್ನುವುದು ಆಲೆಮನೆಯಿಂದ ಆಲೆಮನೆಗೆ ಬೇರೆ. ಆದ್ದರಿಂದ ಮೂರು ಚಮಚ ತೆಗೆದುಕೊಂಡು ಸಣ್ಣ ಉರಿಯಲ್ಲಿ ಕಾಯಿಸಿ. ಮೊದಲು ದೊಡ್ಡ ಗುಳ್ಳೆ ಎದ್ದು ಒಡೆಯುತ್ತವೆ. ಆಮೇಲೆ ಗುಳ್ಳೆ ಸಣ್ಣದಾಗಿ, ಒತ್ತೊತ್ತಾಗಿ, ಏಳಲು ಸೋಮಾರಿಯಾಗುತ್ತವೆ. ಆಗ ಒಂದು ಹನಿ ತಟ್ಟೆಯ ಅಂಚಿಗೆ ಬಿಟ್ಟು ಓರೆ ಮಾಡಿ. ನೀರಿನ ಹಾಗೆ ಓಡಿದರೆ ಇನ್ನೂ ಬೇಕು. ಎರಡು ಬೆರಳಿನ ನಡುವೆ ಎಳೆದರೆ ಒಂದೆಳೆ ಬರಬೇಕು, ಅಲ್ಲಿಗೆ ನಿಲ್ಲಿಸಿ. ಎರಡೆಳೆಗೆ ಹೋದರೆ ಬಿಸ್ಕತ್ತು ಚಿಕ್ಕಿಯಾಗುತ್ತದೆ.

ಪಾಕ ಇಳಿಸುವ ಮೊದಲೇ ಬೆಣ್ಣೆ ಹಾಕಿ ಕರಗಿಸಿ. ಬೇರೆ ಬಟ್ಟಲಲ್ಲಿ ಸೋಡಾಕ್ಕೆ ಕುದಿನೀರು ಬೆರೆಸಿ, ಬೆಣ್ಣೆ ಬೆಲ್ಲಕ್ಕೆ ಸುರಿಯಿರಿ. ಬುಸ್ ಅಂತ ನೊರೆ ಉಕ್ಕಬೇಕು. ದೊಡ್ಡ ಪಾತ್ರೆಯನ್ನೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಲೆ ಒರೆಸುವ ಕೆಲಸ ಜಾಸ್ತಿ. ನೊರೆ ಬರಲಿಲ್ಲವೋ, ನಾಲ್ಕು ಹನಿ ನಿಂಬೆರಸ ಬಿಡಿ. ನೊರೆ ಇರುವಾಗಲೇ ಒಣ ಸಾಮಾನಿನ ಮೇಲೆ ಸುರಿದು ಕಲಸಿ. ಉಂಡೆ ಕಟ್ಟಲು ಬರುವಷ್ಟು ಅಂಟಿದರೆ ಸಾಕು. ಉದುರಿದರೆ ಒಂದು ಚಮಚ ನೀರು ಚಿಮುಕಿಸಿ. ಗೋಲಿಗಿಂತ ದೊಡ್ಡ, ನಿಂಬೆಹಣ್ಣಿಗಿಂತ ಸಣ್ಣ ಉಂಡೆ ಮಾಡಿ, ಅಂಗೈಯಲ್ಲಿ ಸ್ವಲ್ಪ ಒತ್ತಿ, ಮೂರು ಬೆರಳು ದೂರ ಬಿಟ್ಟು ತಟ್ಟೆಯಲ್ಲಿಡಿ.

ಓವನ್ ಇದ್ದವರು 160 ಡಿಗ್ರಿಗೆ 12ರಿಂದ 15 ನಿಮಿಷ. ನನ್ನ ಹತ್ತಿರ ಸಣ್ಣದೊಂದು ಇದೆ. ಆದರೆ ಏಪ್ರಿಲ್ ಕೊನೆಗೆ ಸಂಜೆ ಗುಡುಗಿದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ಆಗ ದಪ್ಪ ಬಾಣಲೆಯಲ್ಲಿ ಎರಡು ಬೆರಳು ದಪ್ಪ ಮರಳು ಹಾಕಿ ಕಾಯಿಸಿ. ಅದರ ಮೇಲೆ ಸಿಂಬಿಯಂತೆ ಒಂದು ಕಬ್ಬಿಣದ ಬಳೆ, ಬಳೆಯ ಮೇಲೆ ತಟ್ಟೆ. ಮುಚ್ಚಳದ ಮೇಲೆ ನಾಲ್ಕು ಕೆಂಡ. ಇಪ್ಪತ್ತು ನಿಮಿಷ ಆದ ಮೇಲೆ ಇಣುಕಿ. ಅಂಚು ಕಂದು, ನಡುವೆ ಹೊನ್ನಿನ ಬಣ್ಣ ಬಂದಿದ್ದರೆ ತೆಗೆಯಿರಿ. ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲ ಅಂತ ಮತ್ತೆ ಒಳಗೆ ತಳ್ಳಬೇಡಿ. ಆರಿದ ಮೇಲೆಯೇ ಗಟ್ಟಿಯಾಗುವುದು. ಗರಿಗರಿ ಬೇಕೋ, ಜಗಿಯುವಂಥದ್ದು ಬೇಕೋ ಅನ್ನುವುದು ಆಸ್ಟ್ರೇಲಿಯಾದಲ್ಲಿ ಮನೆಮನೆ ಜಗಳ. ನಾನು ಜಗಿಯುವವರ ಕಡೆ.

ಹೆಸರಿನ ಬಗ್ಗೆ ಒಂದು ಮಾತು. ಆಂಜಾಕ್ ಅನ್ನುವ ಪದಕ್ಕೆ ಅಲ್ಲಿ 1920ರ ದಶಕದಿಂದಲೇ ಕಾನೂನಿನ ಕಾವಲಿದೆ, ಮನಸ್ಸಿಗೆ ಬಂದಹಾಗೆ ಅಂಗಡಿ ಮಾಲಿಗೆ ಇಡುವ ಹಾಗಿಲ್ಲ. ಬಿಸ್ಕತ್ತು ಮಾರುವವರು ಹಳೆಯ ಪಾಕಕ್ಕೆ ಹತ್ತಿರ ಇರಬೇಕು. ಬಿಸ್ಕತ್ತು ಅನ್ನಬೇಕು, ಕುಕಿ ಅನ್ನಬಾರದು. ಜೋನಿ ಹಾಕಿದ ನನ್ನದು ಆ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ. ಮನೆಯಲ್ಲಿ ತಿನ್ನುವುದಕ್ಕೆ ಯಾರೂ ಕೇಳುವುದಿಲ್ಲ, ಅಲ್ವಾ?

ಬಿಸ್ಕತ್ತು 24ರ ಸಂಜೆಯೇ ಆಗಿರಬೇಕು, ಯಾಕೆಂದರೆ ಸತ್ತ ಸೈನಿಕರನ್ನು ಎಲ್ಲರೂ ಸೇರಿ ನೆನೆಯುವುದು ಮರುದಿನ ನಸುಕಿಗೆ. ಆ ವರ್ಷ ಮಗುವನ್ನು ಅಳಿಯನ ಹತ್ತಿರ ಬಿಟ್ಟು ಮಗಳು, ನಾನು, ಅಜ್ಜಿ ಕತ್ತಲಲ್ಲೇ ಹೊರಟೆವು. ಏಪ್ರಿಲ್ ಅಲ್ಲಿ ಚಳಿ ಶುರುವಾಗುವ ಕಾಲ. ಸೀರೆ, ಸಾಕ್ಸ್, ಅಳಿಯನ ಕೋಟು, ಮಂಕಿ ಕ್ಯಾಪ್. ಯಾರೂ ನನ್ನನ್ನು ನೋಡಲಿಲ್ಲ. ಹೋದದ್ದು ಮೆಲ್ಬರ್ನ್‌ನ ದೊಡ್ಡ ಸ್ಮಾರಕ ಮಂದಿರಕ್ಕಲ್ಲ, ಬಡಾವಣೆಯ ಪಾರ್ಕಿನ ಸಣ್ಣ ಕಲ್ಲಿಗೆ. ಅಂಥ ಕಲ್ಲು ಊರೂರಿಗೂ ಇದೆ. ಹೆಸರುಗಳ ಉದ್ದ ಪಟ್ಟಿ, ಕೆಲವು ಹೆಸರಿನ ಪಕ್ಕ ಪುಟ್ಟ ಶಿಲುಬೆ. ಶಿಲುಬೆ ಇರುವವರು ಸತ್ತವರು, ಉಳಿದವರು ಹೋಗಿ ಬಂದವರು. ಮೊದಲ ಮಹಾಯುದ್ಧಕ್ಕೆ ಆಸ್ಟ್ರೇಲಿಯಾದಿಂದ ಹೋದವರೆಲ್ಲ ತಾವಾಗಿಯೇ ಹೆಸರು ಕೊಟ್ಟವರು. ಕಡ್ಡಾಯ ಮಾಡೋಣವೇ ಅಂತ 1916ರಲ್ಲೂ 1917ರಲ್ಲೂ ಜನರನ್ನು ಕೇಳಿದರು, ಎರಡು ಸಲವೂ ಜನ ಬೇಡ ಅಂದರು. ಅದಕ್ಕೇ ಹೋಗಿ ಬಂದವರ ಹೆಸರಿಗೂ ಕಲ್ಲಿನಲ್ಲಿ ಜಾಗ.

ನೀವು ಮಕ್ಕಳ ಮನೆಗೆ ಹೋದಾಗ ಆ ದಿನ ಬಂದರೆ ಹೋಗಿ ಬನ್ನಿ. ಹೂವಿನ ಹಾರ ಬೇಡ, ರೋಸ್‌ಮೇರಿಯ ಒಂದು ಕುಡಿ ಎದೆಗೆ ಸಿಕ್ಕಿಸಿಕೊಂಡರೆ ಸಾಕು. ಗಲಿಪೊಲಿಯ ಗುಡ್ಡದಲ್ಲಿ ಅದು ತಾನಾಗಿ ಬೆಳೆಯುತ್ತದೆ. ಕೆಂಪು ಪಾಪಿ ಹೂವು ಹೆಚ್ಚಾಗಿ ನವೆಂಬರ್ 11ಕ್ಕೆ. ಬಂದವರ ಎದೆಯ ಮೇಲಿನ ಯುದ್ಧದ ಪದಕ ಎಡಗಡೆ ಇದ್ದರೆ ಅವರದ್ದೇ, ಬಲಗಡೆ ಇದ್ದರೆ ಮನೆಯ ಹಿರಿಯರದ್ದು. ಅಜ್ಜಿ ತಮ್ಮ ಅಪ್ಪನದ್ದನ್ನು ಬಲಗಡೆ ಹಾಕಿದ್ದರು. ಬ್ಯೂಗಲ್ ಊದುತ್ತಾರೆ, ಮೌನ, ಮತ್ತೆ ಬ್ಯೂಗಲ್. ಯಾರೋ ನಾಲ್ಕು ಸಾಲು ಹೇಳಿದ ಮೇಲೆ ಎಲ್ಲರೂ ತಗ್ಗಿದ ದನಿಯಲ್ಲಿ "ಲೆಸ್ಟ್ ವಿ ಫರ್ಗೆಟ್" ಅನ್ನುತ್ತಾರೆ, ಮರೆಯದಿರೋಣ ಅಂತ. ಚಪ್ಪಾಳೆ ತಟ್ಟಬೇಡಿ. ನಾನು ಅಭ್ಯಾಸಬಲದಲ್ಲಿ ಎರಡು ತಟ್ಟಿದೆ. ಮಗಳು ಕೈ ಹಿಡಿದಳು.

ಇಲ್ಲಿ ಮಾಡುವುದಾದರೆ ಅವರ ಗಂಟೆ ನೋಡಬೇಡಿ. ಅಲ್ಲಿ ಬೆಳಗಿನ ಆರು ಅಂದರೆ ನಮಗೆ ರಾತ್ರಿ ಒಂದೂವರೆ. ನಮ್ಮ ಬೆಳಗಿಗೇ ಎದ್ದರಾಯಿತು. ರೋಸ್‌ಮೇರಿ ನಮ್ಮಲ್ಲಿ ಸಿಗಲಿಲ್ಲ, ದವನದ ಕುಡಿ ಸಿಕ್ಕಿತು. ನಾನು ಒಂದು ಚೊಂಬು ನೀರು, ದವನ, ಎರಡು ಬಿಸ್ಕತ್ತು ತೆಗೆದುಕೊಂಡು ವೀರಗಲ್ಲಿನ ಹತ್ತಿರ ಹೋಗುತ್ತೇನೆ. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದು ಕಾದುತ್ತಿದ್ದಾನೆ. ನಡುವಿನದರಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ಬಳ್ಳಿಗಾವಿಯಲ್ಲಿ ಇಂಥವು ಸಾಲಾಗಿ ಇವೆ, ಅಕ್ಷರ ಓದುವವರೂ ಬರುತ್ತಾರೆ. ನಮ್ಮದರ ಅಕ್ಷರ ಸವೆದುಹೋಗಿದೆ. ಪಾಚಿ ಕೆರೆಯಲು ಚಾಕು ಹಾಕಬೇಡಿ, ನೀರು ಹಾಕಿ ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ.

ಆಸ್ಟ್ರೇಲಿಯಾದವರ ದಿನ ನಮಗ್ಯಾಕೆ ಅಂತ ಮೈದುನ ಕೇಳಿದರು. ಗಲಿಪೊಲಿಯಲ್ಲಿ ನಮ್ಮ ದೇಶದ ಸಿಖ್ಖರೂ ಗೂರ್ಖಾಗಳೂ ಇದ್ದರು, ಹೇಸರಗತ್ತೆ ಹೊಡೆಯುವವರೂ ಇದ್ದರು ಅಂದೆ. ಅದು ಅವರಿಗೆ ಸಾಕಾಗಲಿಲ್ಲ. ನಮ್ಮ ಮೈಸೂರು ಸಂಸ್ಥಾನದ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲಿನ ಹೈಫಾ ಗೆದ್ದರಲ್ಲ, ಆ ಇಡೀ ಕುದುರೆ ಸೇನೆಯ ದಂಡನಾಯಕ ಆಸ್ಟ್ರೇಲಿಯಾದ ಹ್ಯಾರಿ ಶೊವೆಲ್. ಆಗ ಶಿವಮೊಗ್ಗವೂ ಅದೇ ಸಂಸ್ಥಾನ. ಇದನ್ನು ಹೇಳಿದ ಮೇಲೆ ಮೈದುನ ಬಿಸ್ಕತ್ತಿಗೆ ಕೈ ಚಾಚಿದರು.

ಬೆಳಗಿನದು ಮುಗಿದರೆ ಅಲ್ಲಿ ದಿನ ಹಗುರಾಗುತ್ತದೆ. ಕಾಫಿಗೆ ರಮ್ ಸುರಿದು ಕುಡಿಯುತ್ತಾರೆ, ಮೆರವಣಿಗೆ ಆಗುತ್ತದೆ. ಮಧ್ಯಾಹ್ನ ಮೆಲ್ಬರ್ನ್‌ನ ದೊಡ್ಡ ಮೈದಾನದಲ್ಲಿ ಕಾಲಿಂಗ್‌ವುಡ್ ಮತ್ತು ಎಸೆಂಡನ್ ತಂಡಗಳ ಫುಟ್‌ಬಾಲ್, 1995ರಿಂದ ನಡೆದುಕೊಂಡು ಬಂದದ್ದು. ಅದರ ನಿಯಮ ನನಗೆ ಕೊನೆತನಕ ತಲೆಗೆ ಹತ್ತಲಿಲ್ಲ. ಹತ್ತಿದ್ದು ಟೂ ಅಪ್. ಸಣ್ಣ ಹಲಗೆ ಮೇಲೆ ಎರಡು ನಾಣ್ಯ ಇಟ್ಟು ಮೇಲಕ್ಕೆ ಚಿಮ್ಮಿಸುವುದು. ಎರಡೂ ತಲೆ ಬಿದ್ದರೆ ತಲೆ ಕಟ್ಟಿದವರಿಗೆ, ಎರಡೂ ಬಾಲ ಬಿದ್ದರೆ ಬಾಲ ಕಟ್ಟಿದವರಿಗೆ, ಒಂದೊಂದು ಬಿದ್ದರೆ ಮತ್ತೆ ಚಿಮ್ಮಿಸು. ಸೈನಿಕರು ಆಡುತ್ತಿದ್ದ ಜೂಜು. ಹೆಚ್ಚಿನ ಕಡೆ ವರ್ಷದ ಉಳಿದ ದಿನ ಹೊರಗೆ ಆಡಲು ಬಿಡುವುದಿಲ್ಲ, ಆ ದಿನ ಬಿಡುತ್ತಾರೆ. ನಮ್ಮ ಜಗಲಿಯಲ್ಲಿ ಮಕ್ಕಳ ಜೊತೆ ಆಡುವಾಗ ಸ್ಕೂಲಿನ ಸ್ಕೇಲು ಹಲಗೆ, ಗೋಟಡಿಕೆ ಪಣ. ಹೋದ ವರ್ಷ ನಾನು ನಲವತ್ತು ಅಡಿಕೆ ಸೋತೆ.

ಉಳಿದ ಬಿಸ್ಕತ್ತು ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಿ. ಮೂರು ವಾರ ಏನೂ ಆಗುವುದಿಲ್ಲ. ಜೂನ್ ಮಳೆ ಹಿಡಿದ ಮೇಲೆ ಮಾಡಿದರೆ ಡಬ್ಬಿಯನ್ನು ಒಲೆ ಮೇಲಿನ ಅಟ್ಟದಲ್ಲಿಡಿ. ಮೆತ್ತಗಾದರೆ ಬಿಸಿ ಬಾಣಲೆಯಲ್ಲಿ ಐದು ನಿಮಿಷ.

ಆಸ್ಟ್ರೇಲಿಯಾಕ್ಕೆ ಕಳಿಸುವುದಾದರೆ ಹೊರುವವರಿಗೆ ಹೇಳಿ, ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿಂಡಿ ಇದೆ ಅಂತ ಬರೆಯಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ದೊಡ್ಡ ದಂಡ. ನಾನು ಕಳೆದ ಸಲ ಊರಿನ ಹುಡುಗನ ಕೈಯಲ್ಲಿ ಅಜ್ಜಿಗೆ ಒಂದು ಡಬ್ಬಿ ಕಳಿಸಿದೆ. ಗೋಲ್ಡನ್ ಸಿರಪ್ ಅಲ್ಲ ಅಂತ ಒಂದೇ ಕಚ್ಚಿಗೆ ಗೊತ್ತಾಯಿತಂತೆ. "ಜೋನಿ ಹೇಗಿದ್ದಾನೆ?" ಅಂತ ಕೇಳಿದರಂತೆ. ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.